ಕಚ್ಚಿಕೊಂಡ ಸ್ಕ್ರೂ

1998ರ ಏಪ್ರಿಲ್ 14, ಮಂಗಳವಾರ. ಬೆಳಿಗ್ಗೆ 9.20ಕ್ಕೆ ಮತ್ರೂಕ್ ಎಂಬ ಕುರಿ ವ್ಯಾಪಾರಿ ಕೆರಕ್ ಸೀಮೆಯ ಹಳ್ಳಿ ಠಾಣೆಗೆ ಬಂದ. ಅಂಗಿಯ ತೋಳಿನ ಮೇಲಿದ್ದ ರಕ್ತ ಇನ್ನೂ ಪೂರ್ತಿ ಒಣಗಿರಲಿಲ್ಲ.

“ನಮ್ಮಣ್ಣನ ಮಗ ರಾಕಾನ್‌ನ ಕೊಂದ್ಬಿಟ್ರು ಸಾಹೇಬ್ರೇ. ಬರ್ಕೊಳ್ಳಿ.”

“ಯಾರು?” ಇನ್ಸ್‌ಪೆಕ್ಟರ್ ದೈಫಲ್ಲಾ ಕೇಳಿದರು.

“ವೆಲ್ಡರ್ ಜುಮಾ. ರೈಫಲ್‌ಗೆ ದೂರದರ್ಶಕ ಕೂರಿಸ್ಕೊಡು ಅಂತ ಕೊಟ್ರೆ ಒಳಗೇನೋ ಮಾಡಿ ಕೊಟ್ಟಿದಾನೆ. ಬೆಳಿಗ್ಗೆ ಕಣಿವೇಲಿ ಹುಡುಗ ಒಂದೇ ಗುಂಡು ಹಾರಿಸಿದ್ದು. ರೈಫಲ್ಲೇ ಸಿಡೀತು. ನಾನು ಪಕ್ಕದಲ್ಲೇ ನಿಂತಿದ್ದೆ.”

“ಜುಮಾಗೆ ಏನು ದ್ವೇಷ?”

“ಅವನ ಹೆಂಡ್ತಿ ಯಾರ ಮನೆ ಮಗಳು? ನಿಮಗೆ ಗೊತ್ತಿಲ್ವಾ?”

ಗೊತ್ತಿತ್ತು. ಏಳು ವರ್ಷದ ಹಿಂದೆ ಬಾವಿಯ ಜಗಳದಲ್ಲಿ ರಾಕಾನ್‌ನ ಅಣ್ಣ ಹಮ್ದಾನ್‌ನನ್ನು ಇರಿದು ಕೊಂದವನು ಜುಮಾನ ಹೆಂಡತಿಯ ಮನೆತನದವನೇ. ಬರುವ ಗುರುವಾರ ಅವನ ಬಿಡುಗಡೆ. ಜೈಲಿನ ಬಾಗಿಲಲ್ಲೇ ಅವನನ್ನು ಉರುಳಿಸುತ್ತೇನೆಂದು ರಾಕಾನ್ ಪೇಟೆಯಲ್ಲೆಲ್ಲ ಸಾರಿಕೊಂಡಿದ್ದ. ಅಜ್ಜನ ಕಾಲದ ಇಂಗ್ಲಿಷ್ ರೈಫಲ್‌ಗೆ ದೂರದರ್ಶಕ ಕೂರಿಸಿದ್ದೂ ಅದಕ್ಕೇ. ಈಗ ಎರಡನೇ ಸಾವೂ ಆ ಮನೆತನದ ತಲೆಗೆ ಬಂದರೆ, ಅಲ್ಲಿನ ರೂಢಿಯಂತೆ ಅವರ ನಲವತ್ತು ಕುಟುಂಬಗಳು ಊರು ಬಿಡಬೇಕು. ಬಿಡದಿದ್ದರೆ ಹೆಣಗಳು ಬೀಳುತ್ತವೆ. ಎಫ್‌ಐಆರ್ ಬರೆಯುತ್ತಿದ್ದಂತೆಯೇ ದೈಫಲ್ಲಾರ ಹೊಟ್ಟೆಹುಣ್ಣು ಉರಿಯತೊಡಗಿತು.

10.45ಕ್ಕೆ ಕಣಿವೆಯಲ್ಲಿ ಪಂಚನಾಮೆ. ಹೆಣ ಆಗಲೇ ಆಸ್ಪತ್ರೆಗೆ ಹೋಗಿತ್ತು. ರೈಫಲ್‌ನ ನಳಿಗೆ ಸೀಳಿ ಎರಡಾಗಿತ್ತು. ದೂರದರ್ಶಕ ಮಾತ್ರ ಗೀರೂ ಇಲ್ಲದೆ ಮರಳಲ್ಲಿ ಬಿದ್ದಿತ್ತು. ರೈಫಲ್‌ನ ಹಿಂಬದಿಯ ಪುಟ್ಟ ಸ್ಕ್ರೂವಿನ ತಲೆಯನ್ನು ಯಾರೋ ಜಜ್ಜಿ ಸವೆಸಿದ್ದರು. ಅದರ ಸುತ್ತ ಪೈಪ್ ರೆಂಚಿನ ಹಲ್ಲಿನ ಹೊಸ ಗುರುತುಗಳಿದ್ದವು.

“ಯಾರೋ ಇದನ್ನ ನಲ್ಲಿ ಅಂದ್ಕೊಂಡಿದಾನೆ ಸಾರ್,” ಎಂದ ಕಾನ್‌ಸ್ಟೇಬಲ್ ಮಿಸ್ಲೆಹ್. ಯಾರೂ ನಗಲಿಲ್ಲ.

1.15ಕ್ಕೆ ಜುಮಾನನ್ನು ಕರೆತಂದರು.

“ಸ್ಕ್ರೂ ಯಾಕೆ ಜಜ್ಜಿದೆ?”

“ಹಿಂದಿನದ್ದು ನಾನು ಮುಟ್ಟೇ ಇಲ್ಲ ಸಾಹೇಬ್ರೇ. ಶನಿವಾರ ಅಂಗಡಿ ಹಿಂದೆ ಮೂರು ಗುಂಡು ಹಾರಿಸಿ ತೋರಿಸಿ ಕೊಟ್ಟಿದೀನಿ.”

“ನೋಡಿದೋರು?”

“ರಾಕಾನ್.”

“ಅವನು ಸತ್ತಿದಾನೆ. ಪೈಪ್ ರೆಂಚ್ ಇದೆಯಾ?”

“ವೆಲ್ಡರ್ ಹತ್ರ ಇಲ್ದೆ ಇರತ್ತಾ?” ಎಂದವನು ತನ್ನ ಮಾತಿಗೆ ತಾನೇ ಬೆಚ್ಚಿದ.

ಅವನನ್ನು ಲಾಕಪ್ಪಿಗೆ ಹಾಕಿದರು. ಹೊರಗಿದ್ದರೆ ಅವನು ಆ ಸಂಜೆಯನ್ನು ಕಾಣುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಪ್ರಯೋಗಾಲಯದಿಂದ ಫೋನ್ ಬಂತು. ನಳಿಗೆಯಲ್ಲಿ ಸೀಸ ಕರಗಿಸಿ ಹುಯ್ದಿದ್ದಾರೆ, ಸಿಡಿದದ್ದು ಅದರಿಂದಲೇ. ಇನ್ನು ಬಾಕಿ ಇದ್ದದ್ದು ಜುಮಾನ ಮೇಲಿನ ದೂರಿಗೆ ಸತ್ತವನ ತಂದೆಯ ಸಹಿ. ಊರೊಂದು ಖಾಲಿಯಾಗುವುದಕ್ಕೂ ಕೊನೆಗೆ ಒಂದು ಸಹಿ ಬೇಕಾಗುತ್ತದೆ.

4.10ಕ್ಕೆ ದೈಫಲ್ಲಾ ಶೋಕದ ಡೇರೆಗೆ ಹೋದರು. ಇಪ್ಪತ್ತು ಮೂವತ್ತು ಗಂಡಸರು ಕೂತಿದ್ದರು. ಹಿರಿಮಗನ ಹೆಸರಿನಿಂದ ಅಬು ಹಮ್ದಾನ್, ಅಂದರೆ ಹಮ್ದಾನ್‌ನ ಅಪ್ಪ, ಎಂದೇ ಕರೆಸಿಕೊಳ್ಳುವ ತಂದೆ ಊರಿನ ನೀರಿನ ಪಂಪು ನೋಡಿಕೊಳ್ಳುವವನು, ಅರವತ್ತೊಂದರ ಮುದುಕ. ತಾನೇ ಎದ್ದು ಕಹಿ ಕಾಫಿ ಬಗ್ಗಿಸಿ ಕೊಟ್ಟ. ಕಾಫಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಾಗಿ, ದೈಫಲ್ಲಾ ಬಟ್ಟಲನ್ನು ಕುಡಿಯದೆ ನೆಲದ ಮೇಲಿಟ್ಟು ಕಾಗದ ಹುಡುಕತೊಡಗಿದರು.

ಡೇರೆಯಲ್ಲಿದ್ದವರೆಲ್ಲ ಬಟ್ಟಲಿನತ್ತ ತಿರುಗಿದರು. ಅತಿಥಿ ಕಾಫಿಯನ್ನು ನೆಲಕ್ಕಿಟ್ಟರೆ ಅವನು ಏನೋ ಬೇಡಲು ಬಂದಿದ್ದಾನೆಂದು ಅರ್ಥ. ಕೊಡುತ್ತೇನೆಂದು ಮನೆಯವನು ಹೇಳುವವರೆಗೆ ಅವನು ಕುಡಿಯುವುದಿಲ್ಲ.

“ಅಣ್ಣಾ, ಬಟ್ಟಲು ಕೆಳಗಿದೆ,” ಎಂದ ಮತ್ರೂಕ್.

ಅಬು ಹಮ್ದಾನ್ ಕಾಫಿ ಹೂಜಿಯನ್ನು ಎರಡೂ ಕೈಯಿಂದ ಕೆಳಗಿಟ್ಟ. “ಏನು ಬೇಕೋ ಕೇಳಿ ಸಾಹೇಬ್ರೇ. ಕೊಟ್ಟೆ. ಕುಡೀರಿ.”

ಹೊಟ್ಟೆನೋವು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ದೈಫಲ್ಲಾ ಆ ಕೈಗಳನ್ನು ನೋಡಿದರು. ಬೆರಳ ಗಂಟುಗಳಲ್ಲಿ ಹೊಸ ತರಚು ಗಾಯ, ಅಂಗೈ ಮೇಲೆ ಸುಟ್ಟ ಬೊಬ್ಬೆ. ಮಿಸ್ಲೆಹ್‌ನ ನಲ್ಲಿಯ ಮಾತು ನೆನಪಾಯಿತು.

“ನಳಿಗೆಗೆ ಸೀಸ ಹುಯ್ದಿದ್ದು ಯಾರು?”

“ನಾನೇ.”

ಮತ್ರೂಕ್ ತಲೆ ಎತ್ತಿದ. ಮುದುಕ ಕೂತುಬಿಟ್ಟ.

“ಗುಂಡಿಗೆ ಬಡಿಯೋ ಒಳಗಿನ ಸೂಜಿ ತೆಗೆದ್ಬಿಟ್ರೆ ರೈಫಲ್ ಬರೀ ಕಬ್ಬಿಣ. ರಾಕಾನ್ ಜೈಲ್ ಬಾಗ್ಲಿಗೆ ಹೋದ್ರೂ ಕೊಲೆಗಾರ ಆಗಲ್ಲ ಅಂತ. ಆದ್ರೆ ಸೂಜಿ ಹಿಡ್ಕೊಂಡಿರೋ ಸ್ಕ್ರೂ ತುಕ್ಕಲ್ಲಿ ಕಚ್ಕೊಂಡಿತ್ತು. ಭಾನುವಾರ ಇಡೀ ದಿನ ಒದ್ದಾಡ್ದೆ, ಮಿಸುಕ್ಲಿಲ್ಲ ಮುಂಡೇದು. ಕೊನೆಗೆ ಸೀಸ ಹುಯ್ದೆ. ಮೂವತ್ತು ವರ್ಷ ಪೈಪಿನ ಕೆಲಸ ಮಾಡಿದೀನಿ ಸಾಹೇಬ್ರೇ. ಬಾಯಿ ಮುಚ್ಚಿದ್ರೆ ನೀರು ನಿಲ್ಲತ್ತೆ. ಗುಂಡೂ ನಿಲ್ಲತ್ತೆ ಅಂದ್ಕೊಂಡೆ.”

“ನಿನ್ನೆ ಯಾಕೆ ಹೇಳ್ಲಿಲ್ಲ?”

“ಅವನ ತಾಯಿಗೆ ಹೇಗೆ ಹೇಳ್ಲಿ?”

ಬೇಡಿದ್ದು ಸಿಕ್ಕಿತ್ತು, ಕುಡಿಯಲೇಬೇಕಿತ್ತು. ದೈಫಲ್ಲಾ ಬಟ್ಟಲನ್ನು ಒಂದೇ ಗುಟುಕಿಗೆ ಮುಗಿಸಿದರು. 5.05ಕ್ಕೆ ಬಂಧನ. ಕೈಕೋಳ ಹಾಕಲಿಲ್ಲ. ಜುಮಾನ ಬಿಡುಗಡೆ 6 ಗಂಟೆಗೆ.

ಗುರುವಾರ ಬೆಳಿಗ್ಗೆ ಮತ್ರೂಕ್ ಠಾಣೆಗೆ ಬಂದ. ಅಣ್ಣನನ್ನು ನೋಡಲು ಬಂದಿದ್ದಾನೆಂದು ದೈಫಲ್ಲಾ ಭಾವಿಸಿದರು.

“ದೂರದರ್ಶಕ ಒಡೆದಿಲ್ಲ ಅಲ್ವಾ ಸಾಹೇಬ್ರೇ? ಯಾವಾಗ ವಾಪಸ್ ಕೊಡ್ತೀರಿ?”

ದೈಫಲ್ಲಾ ಅಂದು ಬಿಡುಗಡೆಯಾಗುವವನ ಕಾವಲಿಗೆ ಜೈಲಿನ ಬಾಗಿಲಿಗೆ ಇಬ್ಬರು ಪೇದೆಗಳನ್ನು ಕಳಿಸಿದರು. ನಾಳೆಗೆ, ನಾಡಿದ್ದಿಗೆ ಕಳಿಸಲು ಅವರ ಬಳಿ ಪೇದೆಗಳಿರಲಿಲ್ಲ.

11.30ಕ್ಕೆ ಪ್ರಯೋಗಾಲಯದ ಪೂರ್ತಿ ವರದಿ ಬಂತು. ಕೊನೆಯ ಸಾಲಿನಲ್ಲಿ ತಂತ್ರಜ್ಞ ಬರೆದಿದ್ದ: ಪರೀಕ್ಷೆಗಾಗಿ ಹಿಂಬದಿಯ ಸ್ಕ್ರೂ ಬಿಚ್ಚಲಾಯಿತು, ನಾಲ್ಕು ನಿಮಿಷ ಹಿಡಿಯಿತು.

ಲಾಕಪ್ಪಿನ ಸರಳಿನ ಹಿಂದಿನಿಂದ ಮುದುಕ ಆ ಕಾಗದವನ್ನೇ ನೋಡುತ್ತಿದ್ದ.

“ಆ ಸ್ಕ್ರೂ ಬಂತಾ ಸಾಹೇಬ್ರೇ? ಅವ್ರ ಕೈಲಿ ಆಯ್ತಾ?”

ದೈಫಲ್ಲಾ ವರದಿಯನ್ನು ಮಡಿಸಿದರು.

“ಇಲ್ಲ ಅಬು ಹಮ್ದಾನ್. ಅವ್ರ ಕೈಲೂ ಆಗ್ಲಿಲ್ಲ.”

ಮುದುಕ ತಲೆಯಾಡಿಸಿ ಗೋಡೆಯ ಕಡೆ ತಿರುಗಿ ಮಲಗಿದ.