ತಳ ಸೇರಿದ ಸೀಸ

"ಕೆಲ್ಸ ಹೋದ್ರೆ ಹೋಗ್ಲಿ ಮೇಡಂ. ನನ್ ಮಗಳ ಎದುರಿಗೇ ಕಳ್ಳ ಅಂದ್ಬಿಟ್ರು," ಎಂದ ಪಿಳ್ಳಣ್ಣ.

ನನ್ನ ಹೆಂಡತಿ ಶಾಮಲಾ ನಿವೃತ್ತ ಲೋಹಶಾಸ್ತ್ರ ಅಧ್ಯಾಪಕಿ. ದೊಡ್ಡಬಳ್ಳಾಪುರದ ಕಗ್ಗಂಟುಗಳೆಲ್ಲ ಅವಳ ಪಡಸಾಲೆಗೇ ಬರುತ್ತಿದ್ದವು. ನಾನು ಅವಳ ಸಹಾಯಕ, ಅಂದರೆ ಸ್ಕೂಟರ್ ಓಡಿಸುವವನು.

ಪಿಳ್ಳಣ್ಣ ಎರಕದ ಕಾರ್ಖಾನೆಯಲ್ಲಿ ಕಂಚು ಕರಗಿಸುವವನು. ಆಯುಧಪೂಜೆಯ ದಿನ ಒಂದೇ ಮೂಸೆಯಲ್ಲಿ ಕರಗಿಸಿದ ಕಂಚಿನಿಂದ ಮೂರು ದಿಮ್ಮಿ ಎರೆದಿದ್ದ. ಕೊನೆಯದನ್ನು ಹೊಯ್ದ ಕೂಡಲೇ ಮೇಸ್ತ್ರಿ ನವೀನ್‌ಕುಮಾರ್, ಅಚ್ಚು ತಣಿಸಲು ನೀರು ನಾನು ಹಾಯಿಸುತ್ತೇನೆ, ನೀನು ಸ್ನಾನ ಮಾಡಿಕೊಂಡು ಬಾ ಎಂದು ಕಳಿಸಿದ್ದ. ಆಮೇಲೆ ಆ ಕೊನೆಯ ದಿಮ್ಮಿಯ ಒಂದು ಬದಿ ಸೀಳಿ ಮಾಡಿದ ಮಗ್ಗದ ಬುಷ್‌ಗಳು, ಅಂದರೆ ದಂಡ ತಿರುಗುವ ಬಳೆಗಳು, ಬಿರುಕು ಬಿಟ್ಟವು. ನವೀನ ಉಳಿದ ದಿಮ್ಮಿಯ ಚೂರೊಂದನ್ನು ಪರೀಕ್ಷೆ ಮಾಡಿಸಿದರೆ ಸೀಸ ಇರಬೇಕಾದದ್ದರ ಎರಡರಷ್ಟಿತ್ತು. ತಾಮ್ರ ಕದ್ದು ಸೀಸ ತುಂಬಿದ್ದಾನೆ ಎಂದು ಮಾಲೀಕ ಅಪ್ಪಯ್ಯಣ್ಣ ಪಿಳ್ಳಣ್ಣನ ಮನೆ ಬಾಗಿಲಲ್ಲೇ ಕೂಗಾಡಿದ್ದ.

ಶಾಮಲಾ ಮೂರೂ ದಿಮ್ಮಿಗಳ ತಲೆ, ತಳಗಳಿಂದ ಚೂರು ಕೊಯ್ಯಿಸಿ ಪರೀಕ್ಷೆಗೆ ಕಳಿಸಿದಳು. ಅಪ್ಪಯ್ಯಣ್ಣನ ಫೋನಿನಲ್ಲಿದ್ದ ಪೂಜೆಯ ಫೋಟೋವನ್ನೂ ನೋಡಿದಳು: ನೀರಿನ ಪಂಪಿಗೆ ಕುಂಕುಮ, ಚೆಂಡುಹೂವಿನ ಹಾರ, ಹಿಂದೆ ಕೊನೆಯ ಅಚ್ಚಿನ ಬಾಯಿ ಇನ್ನೂ ಕೆಂಪಗಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಕೋಸಂಬರಿ ಮಾತ್ರ.

ವರದಿ ಬಂದ ದಿನ ಎಲ್ಲರನ್ನೂ ಮೂಸೆಯ ಬಳಿ ಸೇರಿಸಿದಳು.

"ಮೂಸೆಗೇ ಸೀಸ ಹಾಕಿದ್ರೆ ಮೂರೂ ದಿಮ್ಮಿ ಕೆಡ್ಬೇಕಿತ್ತು. ಎರಡು ಸರಿಯಾಗಿವೆ. ಮೂರನೇದರ ತಳದಲ್ಲಿ ಸೀಸ ಎಷ್ಟು ಹೆಚ್ಚಿದೆಯೋ ತಲೇಲಿ ಅಷ್ಟು ಕಮ್ಮಿ. ಯಾರೂ ಸೀಸ ಸೇರಿಸಿಲ್ಲ, ಇದ್ದದ್ದೇ ಕೆಳಗಿಳಿದಿದೆ. ಕಂಚು ಗಟ್ಟಿಯಾಗ್ತಿದ್ರೂ ಸೀಸ ಇನ್ನೂ ನೀರಾಗೇ ಇರುತ್ತೆ, ಭಾರ ಬೇರೆ. ಬೇಗ ತಣಿಸಿದ್ರೆ ಇದ್ದಲ್ಲೇ ಸಿಕ್ಕೊಳುತ್ತೆ. ನಿಧಾನವಾಗಿ ತಣಿದ್ರೆ ಭೂಮಿ ಅದನ್ನ ತಳಕ್ಕೆ ಎಳ್ಕೊಳುತ್ತೆ."

ಹಾಗಾದರೆ ಕೊನೆಯ ಅಚ್ಚಿಗೆ ನೀರು ಹಾಯಲಿಲ್ಲ. ಯಾಕೆಂದು ಫೋಟೋ ತೋರಿಸಿ ವಿವರಿಸಿದಳು. ಪೂಜೆಯಾದ ಆಯುಧವನ್ನು ಅಂದು ಯಾರೂ ಮುಟ್ಟುವುದಿಲ್ಲ. ನವೀನ ಅವಸರದಲ್ಲಿ ನೀರು ಹಾಯಿಸುವ ಮೊದಲೇ ಪಂಪಿಗೆ ಕುಂಕುಮ ಇಟ್ಟುಬಿಟ್ಟಿದ್ದ.

"ಅಲ್ಲೀವರೆಗೂ ಅದು ಬರೀ ತಪ್ಪು, ನವೀನ್. ಆದ್ರೆ ಚೂರನ್ನ ನಡುವಿಂದ ಕೊಯ್ಯೋದು ಪದ್ಧತಿ. ನಿನ್ನ ಚೂರಿನ ಸೀಸದ ಲೆಕ್ಕ ತಳಕ್ಕೇ ಹೊಂದುತ್ತೆ, ನೀನು ಹುಡುಕಿ ಅಲ್ಲಿಂದ ಕೊಯ್ದೆ."

ನವೀನ ತಲೆ ಎತ್ತಲಿಲ್ಲ. "ಪೂಜೆ ಆಗೋಗಿತ್ತು, ಹೆಂಗ್ ಮುಟ್ಲಿ ಅಂತ ಬಿಟ್ಬಿಟ್ಟೆ. ಬುಷ್ ಹೋದ್ಮೇಲೆ ಭಯ ಆಯ್ತು," ಎಂದ. ನನಗೆ ಅವನ ಮೇಲೆ ಕೆಟ್ಟ ಕೋಪ ಬಂತು.

ಅಪ್ಪಯ್ಯಣ್ಣ ಪಿಳ್ಳಣ್ಣನ ಕೈ ಹಿಡಿದು, ನಾಳೆಯಿಂದಲೇ ಕೆಲಸಕ್ಕೆ ಬಾ ಎಂದ. ಪಿಳ್ಳಣ್ಣ ಕೈ ಬಿಡಿಸಿಕೊಂಡ.

"ಕೆಲ್ಸದ ಮಾತು ಆಮೇಲಾಗ್ಲಿ ಅಣ್ಣ. ನನ್ ಮಗಳು ಅಕ್ಷತ ಸ್ಕೂಲಿಂದ ಬಂದಿರ್ತಾಳೆ. ಮೊದ್ಲು ಅವಳಿಗೆ ಹೇಳಿ ಬನ್ನಿ."

ಅಪ್ಪಯ್ಯಣ್ಣ ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ನಡೆದ.