ಸಾಲದೆ ಹೋದ ಬಡತನ

"ಹರಿದಿರೋದು ಒಂದೂ ಇಲ್ವಾ ಅತ್ತೆ? ಇಷ್ಟು ದೊಡ್ಡ ಪೆಟ್ಟಿಗೇಲಿ ಹರಿದಿರೋ ಬಟ್ಟೆ ಒಂದೂ ಇಲ್ವಾ?"

ರೆತ್ನೋ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅವಳ ಕಾಲಬುಡದಲ್ಲಿ ಅತ್ತೆಯ ಬಾತಿಕ್ ಬಟ್ಟೆಗಳೆಲ್ಲ ರಾಶಿ ಬಿದ್ದಿದ್ದವು. ಒಂದೊಂದನ್ನೂ ಅತ್ತೆಯ ಮಗಳು ಮುರ್ನಿ ಕೈಯಾರೆ ಒಗೆದು, ಗಂಜಿ ಹಾಕಿ, ಮಡಿಸಿಟ್ಟಿದ್ದಳು. ಅಮ್ಮ ಮಾತ್ರ ಸೊಸೆಯ ಮುಂದೆ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿ ಕೂತಿದ್ದಳು.

"ನಮ್ಮಮ್ಮ ಯಾವತ್ತೂ ಹರಕು ಉಟ್ಟೋಳಲ್ಲ," ಎಂದಳು ಮುರ್ನಿ. "ಹರಕೇ ಬೇಕಿದ್ರೆ ನಿಮ್ಮ ಜಕಾರ್ತಾದಿಂದ ತರಬೇಕಿತ್ತು."

"ತಂದಿದೀನಿ ಅಕ್ಕ!"

ನಿಜವಾಗಿಯೂ ತಂದಿದ್ದಳು! ಚಹಾದ ನೀರಲ್ಲಿ ಅದ್ದಿ ಮಾಸಿದ ಬಣ್ಣ ಬರಿಸಿ, ಅಂಚನ್ನು ಕತ್ತರಿಯಲ್ಲಿ ಹರಿದ ಬಟ್ಟೆ. ರೆತ್ನೋ ಅದನ್ನು ಅಮ್ಮನ ಸೊಂಟಕ್ಕೆ ಸುತ್ತುವಾಗ ಮುರ್ನಿ ಮುಖ ತಿರುಗಿಸಿದಳು. ಛೀ, ಮೈಮೇಲಿನ ಬಟ್ಟೆಗೂ ವೇಷ ಹಾಕುವ ಜನ!

ಇಷ್ಟಕ್ಕೂ ಮೂಲ ಅವಳ ತಮ್ಮ ಗುನಾರ್ದಿ. ಅವನ ಹಾಡು ಕೇಳಿಸದ ಬಸ್ಸಿಲ್ಲ, ಚಹಾದಂಗಡಿಯಿಲ್ಲ. ಸೋಲೋ ಊರಿನ ಅಂಚಿನ ಈ ಬಿದಿರು ತಟ್ಟಿಯ ಮನೆಯಲ್ಲಿ ಹುಟ್ಟಿ, ಇಲ್ಲೇ ಗಂಟಲು ಪಳಗಿಸಿಕೊಂಡು, ಇಲ್ಲಿಂದಲೇ ಜಕಾರ್ತಾಕ್ಕೆ ಹೋದವನು. ಹೋದವನು ಹಬ್ಬಕ್ಕೂ ಬರುತ್ತಿರಲಿಲ್ಲ. ಈಗ ಆ ಮನೆಯನ್ನು ಅಭಿಮಾನಿಗಳು ನೋಡುವ ಜಾಗ ಮಾಡಬೇಕೆಂದು ಅವನ ಹೆಂಡತಿ ಹೊರಟಿದ್ದಳು. ಬಂದವಳೇ ಮನೆಯನ್ನು ಸುತ್ತು ಹಾಕಿ ಮೂಗು ಮುರಿದಿದ್ದಳು. ಮನೆ ಬಡತನದ್ದು ಅಂತಲ್ಲ, ಬಡತನ ಸಾಲದು ಅಂತ!

ಮೊದಲು ಮಂಚ ಹೋಯಿತು. ಆಮೇಲೆ ಗಾಜಿನ ಕಿಟಕಿ ಹೋಯಿತು. ಕೊನೆಗೆ ಆಳುಗಳು ಹಾರೆ ಹಿಡಿದು ಸಿಮೆಂಟು ನೆಲವನ್ನು ಒಡೆದು, ಗಾಡಿಯಲ್ಲಿ ಮಣ್ಣು ತಂದು ಸುರಿದರು. ಆ ನೆಲ ಹಾಕಿದವನು ಅಪ್ಪ, ಬಡಗಿ ಮಾರ್ತೊ. ಹಗಲೆಲ್ಲ ಊರವರ ಬಾಗಿಲು ಕಿಟಕಿ ಮಾಡಿ, ಸಂಜೆ ಬಂದು ಮಂಡಿಯೂರಿ ಸಿಮೆಂಟು ಮೆತ್ತಿ ನೆಲ ತಿಕ್ಕುತ್ತಿದ್ದ. ಹಸಿ ಮಣ್ಣಿನಲ್ಲಿ ಮಲಗಿದರೆ ಹಾಡೋ ಹುಡುಗನ ಎದೆಗೆ ಶೀತ ಹತ್ತುತ್ತೆ ಅನ್ನುವುದೊಂದೇ ಅವನ ಚಿಂತೆ. ಹಾರೆಯ ಒಂದೊಂದು ಪೆಟ್ಟಿಗೂ ಮುರ್ನಿ ಕಿವಿ ಮುಚ್ಚಿಕೊಂಡಿದ್ದಳು. ಕೇಳಲು ಹೋದರೆ ರೆತ್ನೋ ಸಲೀಸಾಗಿ ಹೇಳಿದ್ದಳು, "ಜನ ಅಳೋಕೆ ಬರ್ತಾರೆ ಅಕ್ಕ. ಒಳ್ಳೆ ಅಪ್ಪನ್ನ ನೋಡಿ ಯಾರು ಅಳ್ತಾರೆ?"

ಆ ಮಾತಿನ ಅರ್ಥ ಅವತ್ತು ಅವಳಿಗೆ ಪೂರ್ತಿ ಹೊಳೆದಿರಲಿಲ್ಲ.

ಇವತ್ತು ಅಪ್ಪ ತೀರಿಕೊಂಡು ಸಾವಿರ ದಿನ ತುಂಬಿದ ಸ್ಲಾಮತನ್, ನೆರೆಯವರು ಕೂಡಿ ಪ್ರಾರ್ಥಿಸುವ ಊಟ. ಇದಾದ ಮೇಲೆ ಸತ್ತವರ ಹೆಸರಿನಲ್ಲಿ ಮನೆಯಲ್ಲಿ ಮತ್ತೆ ಊಟವಿಲ್ಲ, ನೆರೆಯವರು ಕೂಡಿ ಆ ಹೆಸರು ಹೇಳುವುದಿಲ್ಲ. ಕೊನೆಯದೊಂದು ಸಲ ಅಪ್ಪನ ಹೆಸರು ಚೆನ್ನಾಗಿ ಹೇಳಿಸಿ ಕಳಿಸಬೇಕು, ಮುರ್ನಿಗೆ ಬೇಕಿದ್ದದ್ದು ಅಷ್ಟೇ. ರೆತ್ನೋ ಅದೇ ದಿನಕ್ಕೆ ಮನೆಯ ಉದ್ಘಾಟನೆಯನ್ನೂ ಇಟ್ಟಳು. ಸಂಜೆಯ ಮಗ್ರಿಬ್ ನಮಾಜಿನ ನಂತರ ನಡೆಯಬೇಕಾದ್ದನ್ನು ಮಧ್ಯಾಹ್ನಕ್ಕೆ ಎಳೆದಳು, ಟಿವಿಯವರಿಗೆ ಬೆಳಕು ಬೇಕಂತೆ! ಮುರ್ನಿ ಹಲ್ಲು ಕಚ್ಚಿ ಒಪ್ಪಿಕೊಂಡು, ಅಕ್ಕಿ ಹಿಟ್ಟಿನ ಅಪೆಂ ಬೇಯಿಸಿ, ಗೋಪುರದಂತೆ ಅನ್ನ ಕಟ್ಟಿ, ಇಡೀ ಕೋಳಿಯನ್ನು ಅದರ ಪಕ್ಕಕ್ಕಿಟ್ಟು ಮುಂದಿನ ಹಜಾರಕ್ಕೆ ಕಳಿಸಿದಳು.

ಕೇರಿಯ ಗಂಡಸರೆಲ್ಲ ಚಾಪೆಯ ಮೇಲೆ ಸುತ್ತ ಕೂತರು. ಹೆಂಗಸರು ಹಿಂದೆ, ಅಡುಗೆಮನೆಯಲ್ಲಿ. ಊಟ ಯಾರಿಗಾಗಿ, ಏತಕ್ಕಾಗಿ ಎಂದು ಮನೆಯವರು ಹೇಳಬೇಕು. ಒಂದೊಂದು ಮಾತಿಗೂ ಕೂತವರು "ಹೌದು" ಅನ್ನಬೇಕು. ನೆರೆಹೊರೆಯ ಹೌದು ಸೇರದೆ ಪ್ರಾರ್ಥನೆ ಮೇಲೇರುವುದಿಲ್ಲ. ಮೊನ್ನೆ ಬಂದಿಳಿದಿದ್ದ ಗುನಾರ್ದಿ ಗಂಟಲು ಸರಿಮಾಡಿಕೊಂಡ.

"ಈ ಊಟ ನಮ್ಮಪ್ಪ ಮಾರ್ತೊ ಅವರಿಗಾಗಿ."

"ಹೌದು."

"ಇದೇ ಮಣ್ಣಿನ ನೆಲದ ಮೇಲೆ ನಾನು ಹಸಿದು ಮಲಗಿದೆ."

"ಹೌದು."

"ಅಪ್ಪ ಕುಡಿದು ಬಂದು ನನ್ನ ಪುಟ್ಟ ಗಿಟಾರನ್ನ ಇಲ್ಲೇ ಅಪ್ಪಳಿಸಿ ಒಡೆದ್ರು. ದೇವರು ಅವರ ಪಾಪ ಕ್ಷಮಿಸಲಿ..."

ಮುರ್ನಿಯ ಕೈಯಲ್ಲಿದ್ದ ಸೌಟು ನಿಂತಿತು. ಈಗ ಯಾರಾದರೂ ಬಾಯಿಬಿಡುತ್ತಾರೆ... ಕರ್ಸೊ ಅಜ್ಜನಾದರೂ! ಅಪ್ಪನ ಜೊತೆ ಮರ ಕೊಯ್ದು ಮುದುಕನಾದವನು, ಆ ಗಿಟಾರಿನ ಹಲಸಿನ ಹಲಗೆ ಕೊಟ್ಟವನೇ ಅವನು!

"ಹೌದು," ಎಂದಿತು ಕರ್ಸೊ ಅಜ್ಜನ ಧ್ವನಿ, ಎಲ್ಲರಿಗಿಂತ ಮೊದಲು.

ಮುರ್ನಿ ಹೊರಗೆ ಬಂದುಬಿಟ್ಟಳು. ಗಂಡಸರ ನಡುವೆ, ಕೈಗೆ ಅನ್ನ ಮೆತ್ತಿಕೊಂಡೇ!

"ಈ ಊಟ ಬಡಗಿ ಮಾರ್ತೊಗೆ!" ಎಂದಳು. "ಅವನು ಯಾವತ್ತೂ ಕುಡಿದೋನಲ್ಲ. ಗಿಟಾರು ಮಾಡಿಕೊಟ್ಟೋನು, ಒಡೆದೋನಲ್ಲ! ಮಗನ ಎದೆಗೆ ಶೀತ ಆಗ್ಬಾರ್ದು ಅಂತ ಈ ನೆಲಕ್ಕೆ ಸಿಮೆಂಟು ಹಾಕಿದೋನು... ಕರ್ಸೊ ಅಜ್ಜ, ನಾಲಿಗೆ ಬಿದ್ದುಹೋಯ್ತಾ? ಹೇಳು!"

"ಅಕ್ಕ... ಆಮೇಲೆ ಮಾತಾಡೋಣ ಅಕ್ಕ..." ಗುನಾರ್ದಿಯ ಮುಖ ಸುಣ್ಣವಾಗಿತ್ತು.

ಕರ್ಸೊ ಅಜ್ಜ ನೆಲ ನೋಡಿದ. "ಹೌದು," ಎಂದ. ಸುತ್ತ ಕೂತವರೂ "ಹೌದು" ಎಂದರು. ಅದೇ ಮೆತ್ತಗಿನ ದನಿ, ಅದೇ ತಗ್ಗಿದ ತಲೆ. ಸುಳ್ಳಿಗೆ ಅಂದ ಹಾಗೇ ನಿಜಕ್ಕೂ ಅಂದರು. ಅಂದು, ಮನೆಗೆ ಒಯ್ಯುವ ಊಟದ ಬುಟ್ಟಿಗಳು ಎಲ್ಲಿವೆ ಎಂದು ಪಕ್ಕಕ್ಕೆ ಕಣ್ಣು ಹಾಯಿಸಿದರು.

ರೆತ್ನೋ ಕಣ್ಣೊರೆಸಿಕೊಂಡು ಬಂದು ಅವಳ ಕೈ ಹಿಡಿದಳು. "ಎಷ್ಟು ಚೆನ್ನಾಗಿತ್ತು ಅಕ್ಕ! ನಂಗೇ ಅಳು ಬಂತು. ಆದ್ರೆ ಕ್ಯಾಮೆರಾದಲ್ಲಿ ಮುಖಕ್ಕೆ ನೆರಳು ಬಿತ್ತಂತೆ... ಈ ಕಡೆ ನಿಂತು ಇನ್ನೊಂದ್ಸಲ ಹೇಳ್ತೀಯಾ? ಆ ಸಿಮೆಂಟಿನ ಮಾತು ಮಾತ್ರ ಬೇಡ."

ಮುರ್ನಿ ಕೈ ಕೊಸರಿಕೊಂಡು ಹಿತ್ತಲಿಗೆ ಓಡಿ, ಬಾವಿಯ ಹತ್ತಿರ ಬಗ್ಗಿ ವಾಂತಿ ಮಾಡಿಕೊಂಡಳು. ಅಸಹ್ಯ! ತಮ್ಮನ ಮೇಲೆ, ಕೇರಿಯ ಮೇಲೆ, ಇವರ ಮುಂದೆ ಹೋಗಿ ನಿಂತ ತನ್ನ ಮೇಲೂ ಅಸಹ್ಯ! ಮುಖ ತೊಳೆದು ನೇರ ಅಮ್ಮನ ಹತ್ತಿರ ಬಂದು ಆ ಹರಕನ್ನು ಬಿಚ್ಚಲು ಕೈಹಾಕಿದಳು.

"ನಡಿಯಮ್ಮ. ಎಲ್ಲಾದ್ರೂ ಒಂದು ಕೋಣೆ ಹಿಡಿಯೋಣ. ಈ ಹೊಲಸಲ್ಲಿ ಇರೋದು ಬೇಡ."

ಅಮ್ಮ ಬಟ್ಟೆಯ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬೇಡ ಮಗಳೇ... ನಾನೂ ಹೌದು ಅಂದೆ."

"ಏನಂದೆ?"

"ಮೊನ್ನೆ ಗುನ್ ಬಂದು ಕೇಳಿದ. ಹಿಂಗೆ ಹೇಳ್ಲಾ ಅಮ್ಮ ಅಂತ. ನಾನೇ ಹೌದು ಅಂದೆ." ಮುದುಕಿ ಮಗಳ ಕೈಯನ್ನು ಮೆಲ್ಲಗೆ ಸರಿಸಿದಳು. "ಇಲ್ಲಿಗೆ ಜನ ಬರೋದಾದ್ರೆ ಅವನೂ ತಿಂಗಳಿಗೊಮ್ಮೆ ಬರ್ತಾನಂತೆ. ನಿಮ್ಮಪ್ಪ ಹೋದೋರು, ಅವರಿಗೆ ಏನು ಅಂದ್ರೂ ಕೇಳಿಸಲ್ಲ. ನಂಗೆ ಅವನ ಮುಖ ಕಾಣತ್ತಲ್ಲೇ... ಹರಕು ಉಟ್ಟು ಕೂತಿರ್ತೀನಿ, ಬಿಡು."

ಮುರ್ನಿಗೆ ಅಮ್ಮನನ್ನು ಬೈಯಬೇಕೆನಿಸಿತು. ಆದರೆ ತಾನು ಎಳೆದದ್ದಕ್ಕೆ ಗಂಟು ಸಡಿಲವಾಗಿತ್ತೆಂದು ಅದನ್ನು ಮತ್ತೆ ತಾನೇ ಸರಿಯಾಗಿ ಕಟ್ಟಿದಳು. ಅಮ್ಮ ಇರುವವರೆಗೆ ತನಗೂ ಬೇರೆ ಮನೆಯಿಲ್ಲ ಎನ್ನುವುದು ಅವಳಿಗೆ ಅರ್ಥವಾಗಿತ್ತು.

ಜನ ಬುಟ್ಟಿ ಹಿಡಿದು ಹೊರಟುಹೋದ ಮೇಲೆ ಗುನಾರ್ದಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಕಣ್ಣು ಕೆಂಪಗಾಗಿತ್ತು. "ಅಕ್ಕ... ನಂದು ತಪ್ಪಾಯ್ತು. ಕ್ಷಮಿಸಿದೀಯಾ? ಹೌದು ಅಂತ ಒಂದು ಮಾತು ಅಂದುಬಿಡು ಅಕ್ಕ..."

ಅವಳು ಬಾಳೆ ಎಲೆ ಹಾಸಿ, ಅನ್ನ ಬಡಿಸಿ, ಕೋಳಿಯ ತೊಡೆ ಮುರಿದು ಅವನ ಪಾಲಿಗೆ ಹಾಕಿದಳು. ನೀರಿನ ಲೋಟ ಪಕ್ಕಕ್ಕಿಟ್ಟಳು.

"ಕೂತ್ಕೋ, ಊಟ ಮಾಡು," ಎಂದಳು. "ಬಂದಾಗೆಲ್ಲ ಬಡಿಸ್ತೀನಿ. ಹೌದು ಅನ್ನು ಅಂತ ಮಾತ್ರ ನನ್ನ ಕೇಳಬೇಡ."