ಭಾನುವಾರಕ್ಕೊಂದು ಕಮಾಂಡ್

"ಈ ವಾರ ಯಾವುದು ಕಾಣೆ?" ಚಪ್ಪಲಿ ಬಿಡುತ್ತಲೇ ತಿರ್ತೊ ಕೇಳಿದ.

"ಪಿಂಗ್ ಅನ್ನೋ ಕಮಾಂಡ್," ಎಂದಳು ವೆನಿಂಗ್, ನೆಲ ನೋಡುತ್ತ. ನೆಲದಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಸಲಾತಿಗ ಊರಿನ ಆ ಮನೆಯಲ್ಲಿ ಅವಳ ಅಮ್ಮ ಬಟ್ಟೆಯ ಮೇಲೆ ಮೇಣದಿಂದ ಬರೆದ ಬಾಟಿಕ್ ಚಿತ್ತಾರಗಳ ಫೋಟೋಗಳು ಸಾವಿರಾರು. ಅವನ್ನು ಜೋಪಾನವಾಗಿಡಲೆಂದು ಕಂಪ್ಯೂಟರ್ ಬಲ್ಲ ತಿರ್ತೊ ಹಳೇ ಲ್ಯಾಪ್‌ಟಾಪೊಂದಕ್ಕೆ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಟ್ಟಿದ್ದ. ತೀರಾ ಬೋಳು ಲಿನಕ್ಸ್; ಏನು ಟೈಪ್ ಮಾಡಿದರೂ 'ಕಮಾಂಡ್ ನಾಟ್ ಫೌಂಡ್' ಅನ್ನುತ್ತಿತ್ತು. ಮೊದಲ ಭಾನುವಾರ ಇಲ್ಲದ ಕಮಾಂಡ್‌ಗಳನ್ನೆಲ್ಲ ಒಂದೊಂದಾಗಿ ಹಾಕಿದ. ಹಾಕುವುದು ಹೀಗೆ, ತೆಗೆಯುವುದು ಹೀಗೆ ಎಂದು ಅವಳಿಗೂ ಕಲಿಸಿದ.

ತೆಗೆಯುವುದನ್ನು ಕಲಿಸಬಾರದಿತ್ತು. ಅಂದಿನಿಂದ ಪ್ರತಿ ಶನಿವಾರ ಅವಳೇ ಒಂದೊಂದನ್ನು ಕಿತ್ತುಹಾಕುತ್ತಿದ್ದಳು. ಕಾಣೆಯಾದದ್ದು ಇದ್ದರೆ ತಾನೇ ಹುಡುಕುವವನು ಬರುವುದು?

ಅಮ್ಮ ಬಿಸಿಬಿಸಿ ಸೋಯಾ ಟೆಂಪೆಯ ಬಜ್ಜಿ ತಂದಿಟ್ಟಳು. "ಇನ್ನೂ ಮುಗೀಲಿಲ್ವಾ ಮಾರಾಯ? ಅಷ್ಟರಲ್ಲಿ ನಾನೊಂದು ಬಟ್ಟೆನೇ ಬರೆದು ಮುಗಿಸಿದೆ."

"ಇವತ್ತಿಗೆ ಮುಗೀತು, ಇಬು," ಎಂದ ತಿರ್ತೊ, ತನ್ನಮ್ಮನನ್ನೇ ಕರೆದಂತೆ. "ಇನ್ಮೇಲೆ ಭಾನುವಾರ ತೊಂದ್ರೆ ಕೊಡಲ್ಲ."

ಅಮ್ಮ ಒಳಹೋಗುವುದನ್ನೇ ಕಾದು, ಅಲ್ಲಿ ಹುಡುಗರನ್ನು ಗೌರವದಿಂದ ಕರೆಯುವಂತೆ ಕರೆದು ವೆನಿಂಗ್ ಕೇಳಿದಳು, "ಯಾಕೆ ಮಾಸ್? ಬೇಜಾರಾಯ್ತಾ?"

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಏನು ಹಾಕಿದ್ದು, ಏನು ತೆಗೆದದ್ದು, ಎಲ್ಲವನ್ನೂ ಯಂತ್ರವೇ ತಾರೀಖು ಸಮೇತ ಬರೆದಿಟ್ಟಿತ್ತು. ಐದು ಶನಿವಾರ, ಐದು ಕಮಾಂಡ್, ಪ್ರತಿಯೊಂದರ ಕೆಳಗೂ ಅವಳದೇ ಹೆಸರು.

ನಾಚಿಕೆಯಿಂದ ಅವಳ ಕಿವಿಯವರೆಗೆ ಬಿಸಿಯೇರಿತು. "ಇದನ್ನ ಯಾವಾಗ ನೋಡಿದ್ರಿ?"

"ಎರಡನೇ ವಾರನೇ."

"ಮತ್ತೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ನೀನು ತೆಗೆಯೋದು ನಿಲ್ಲಿಸ್ತಿದ್ದೆ."

ಅವಳಿಗೆ ನಗು ಬಂತು, ಅಳುವೂ ಬಂತು. "ಹಾಗಾದ್ರೆ ಈಗ ಯಾಕೆ ಬರಲ್ಲ ಅಂತೀರಿ?"

"ರಿಪೇರಿಯವನಾಗಿ ಬಂದು ಸಾಕಾಯ್ತು, ವೆನಿಂಗ್." ಅವನು ಲ್ಯಾಪ್‌ಟಾಪ್ ಮುಚ್ಚಿದ. "ಶನಿವಾರ ಸಂಜೆ ಬರ್ಲಾ?"

ಶನಿವಾರ ಸಂಜೆ ಆ ಊರಲ್ಲಿ ಯಾರೂ ಕಂಪ್ಯೂಟರ್ ನೋಡಲು ಬರುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೀದಿಯವರಿಗೆಲ್ಲ ಕಾಣುವಂತೆ, ಹುಡುಗಿಯ ಮನೆಯ ಜಗಲಿಯಲ್ಲಿ ಕೂರಲು ಬರುತ್ತಾರೆ. ಒಮ್ಮೆ ಕೂತರೆ ಮದುವೆಯ ಮಾತು ಆಡಿದಂತೆಯೇ.

ವೆನಿಂಗ್ ಅಡುಗೆಮನೆಯತ್ತ ತಿರುಗಿ ದನಿ ಎತ್ತಿದಳು.

"ಇಬು, ಮಾಸ್ ತಿರ್ತೊ ಶನಿವಾರ ಬರ್ತಾರಂತೆ."

ಒಳಗೆ ಸೌಟಿನ ಸದ್ದು ನಿಂತಿತು. "ಶನಿವಾರಾನಾ?"

"ಹ್ಞೂಂ. ಸಂಜೆ. ನಾನೂ ಬರ್ಲಿ ಅಂದೆ."

ತಿರ್ತೊ ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕೂತಿದ್ದ.

"ಹಾಗಾದ್ರೆ ಬೇಗ ಬರೋಕೆ ಹೇಳು," ಅಂದಳು ಅಮ್ಮ. "ಊಟಾನೂ ಇಲ್ಲೇ ಆಗ್ಲಿ."